ಬೆಟ್ಟಕ್ಕೂ ಒಂದು ಮುಹೂರ್ತ ಉಂಟು

ಮಲೆನಾಡಿನ ಹಳ್ಳಿಗಳಲ್ಲಿ 'ಓಡಿಹೋಗಿ ಮದುವೆಯಾದರು' ಎಂಬ ಮಾತನ್ನು ದನಿ ತಗ್ಗಿಸಿ ಆಡುವುದೇ ರೂಢಿ. ಆ ಮಾತಿನ ಹಿಂದೆ ಜಾತಿಯ ಗೋಡೆ, ಹಿರಿಯರ ಸಿಟ್ಟು, ರಾತ್ರಿಯ ಕೊನೆಯ ಬಸ್ಸು, ಗುರುತಿಲ್ಲದ ಊರಿನ ದೇವಸ್ಥಾನದಲ್ಲಿ ಅವಸರದಿಂದ ಬದಲಾಯಿಸಿಕೊಂಡ ಹಾರ ಎಲ್ಲವೂ ಇರುತ್ತವೆ. ಇದೇ ಅರ್ಥದ ಇಂಗ್ಲಿಷ್ ಪದವಾದ 'ಇಲೋಪ್‌ಮೆಂಟ್' ಈಗ ಬೇರೊಂದು ವೇಷ ತೊಟ್ಟು ಘಟ್ಟ ಹತ್ತಿ ಬಂದಿದೆ. ಕಲ್ಯಾಣಮಂಟಪದ ಗದ್ದಲವನ್ನು ಬಿಟ್ಟು, ಇಬ್ಬರೇ ಅಥವಾ ಹತ್ತು ಹನ್ನೆರಡು ಮಂದಿ ಆಪ್ತರೊಡನೆ, ರಮಣೀಯವಾದ ಪರ್ವತದ ತಾಣವೊಂದರಲ್ಲಿ ವಿವಾಹವಾಗುವುದಕ್ಕೆ ಪಾಶ್ಚಾತ್ಯರು ಇಂದು ಆ ಹೆಸರನ್ನು ಬಳಸುತ್ತಾರೆ. ಇಲ್ಲಿ ಓಡುವವರನ್ನು ಯಾರೂ ಅಟ್ಟಿಸಿಕೊಂಡು ಬರುವುದಿಲ್ಲ. ಛಾಯಾಗ್ರಾಹಕರನ್ನು ಗೊತ್ತುಮಾಡಿ, ಹೋಂಸ್ಟೇಗೆ ಮುಂಗಡ ಕೊಟ್ಟು, ತಿಂಗಳುಗಟ್ಟಲೆ ಯೋಜನೆ ಹಾಕಿ ಓಡುವ ಓಟವಿದು.

ಈ ಹೊಸ ಪದ್ಧತಿಯನ್ನು ಪರಿಸರದ ಕಾಳಜಿಯುಳ್ಳವರು ಹೀಗಳೆಯಬೇಕಾದ ಕಾರಣವಿಲ್ಲ. ಇದಕ್ಕೆ ಎದುರಾಗಿ ನಿಂತಿರುವುದು ಎಂಥದು ಎಂಬುದನ್ನು ನೆನೆದರೆ ಸಾಕು. 2019ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಔಲಿಯ ಹುಲ್ಲುಗಾವಲಿನಲ್ಲಿ ಶ್ರೀಮಂತ ಉದ್ಯಮಿ ಕುಟುಂಬವೊಂದರ ಎರಡು ಮದುವೆಗಳು ನಡೆದವು. ಅವು ಬಿಟ್ಟುಹೋದ ಕಸ ನೂರಾರು ಕ್ವಿಂಟಾಲ್. ಅದನ್ನು ಹೊತ್ತು ಕೆಳಗಿಳಿಸುವ ಕೆಲಸ ಜೋಶಿಮಠದ ಪುರಸಭೆಯ ಪಾಲಿಗೆ ಬಂತು. ಪರಿಸರಕ್ಕೆ ಆಗಬಹುದಾದ ಹಾನಿಗೆ ಈಡಾಗಿ 3 ಕೋಟಿ ರೂಪಾಯಿ ಠೇವಣಿ ಇಡುವಂತೆ ಉತ್ತರಾಖಂಡದ ಉಚ್ಚ ನ್ಯಾಯಾಲಯ ಆದೇಶಿಸಬೇಕಾಯಿತು. ಅಂಥ ಮದುವೆಯ ಪಕ್ಕದಲ್ಲಿ ಹತ್ತು ಜನರ ಮದುವೆಯನ್ನಿಟ್ಟು ನೋಡಿದರೆ ಯಾವುದು ಮೇಲೆಂದು ಕೇಳಬೇಕಾಗಿಲ್ಲ. ಮಗಳ ಮದುವೆಗೆಂದು ಅಡಕೆ ಫಸಲನ್ನು ಮರದಲ್ಲಿರುವಾಗಲೇ ಮಾರಿ, ಮೂರು ವರ್ಷ ಸಾಲ ತೀರಿಸುವ ಸಣ್ಣ ಹಿಡುವಳಿದಾರನಿಗಂತೂ ಚಿಕ್ಕ ಮದುವೆ ಒಂದು ಬಿಡುಗಡೆಯೇ ಸರಿ.

ಆದರೆ ಚಿಕ್ಕದು ಎಂಬುದನ್ನು ಅಳೆಯುವ ಕೋಲು ಯಾವುದು? ಮನುಷ್ಯ ತಲೆಗಳನ್ನು ಎಣಿಸುತ್ತಾನೆ. ಗುಡ್ಡದ ಲೆಕ್ಕದಲ್ಲಿ ಬರುವುದು ಹೆಜ್ಜೆ, ಚಕ್ರ ಮತ್ತು ಕಿಡಿ. ವಧೂವರರು ಇಬ್ಬರೇ ಇರಬಹುದು. ಅವರೊಂದಿಗೆ ಛಾಯಾಗ್ರಾಹಕರು, ಅವರ ಸಹಾಯಕರು, ಅಲಂಕಾರ ಮಾಡುವವರು, ಡ್ರೋನ್ ಹಾರಿಸುವಾತ, ಇವರನ್ನೆಲ್ಲ ಹೊತ್ತ ಎರಡು ಮೂರು ಜೀಪುಗಳು ಬರುತ್ತವೆ. ಕಲ್ಯಾಣಮಂಟಪದಲ್ಲಿ ಸಾವಿರ ಜನ ಓಡಾಡಿದರೂ ಸಿಮೆಂಟು ನೆಲ ಸವೆಯುವುದಿಲ್ಲ. ಶಿಖರದ ಹುಲ್ಲುಗಾವಲಿನಲ್ಲಿ ಹತ್ತು ಜನ ಒಂದೇ ಜಾಗದಲ್ಲಿ ಅರ್ಧ ದಿನ ತುಳಿದರೆ ಅದರ ಗುರುತು ಮುಂದಿನ ಮಳೆಗಾಲದವರೆಗೆ ಉಳಿಯುತ್ತದೆ.

ಇದು ಅತಿಶಯೋಕ್ತಿಯಲ್ಲ. ಬಾಬಾಬುಡನ್‌ಗಿರಿ, ಕುದುರೆಮುಖ, ಕುಮಾರಪರ್ವತ ಮೊದಲಾದ ಎತ್ತರದ ಸಾಲುಗಳಲ್ಲಿ ಕಣಿವೆಯ ಮಡಿಲಿಗೆ ಶೋಲಾ ಕಾಡು, ಬೆನ್ನಿಗೆ ಹುಲ್ಲು. ಈ ಹುಲ್ಲಿನ ಕೆಳಗಿರುವ ಕಪ್ಪು ಮಣ್ಣಿನ ಪದರ ಅನೇಕ ಕಡೆ ತೀರ ತೆಳುವಾದದ್ದು, ಅದರಡಿ ಬಂಡೆ. ಹುಲ್ಲಿನ ಬೇರು ಮತ್ತು ಕೊಳೆತ ಸಾವಯವ ವಸ್ತು ಕೂಡಿ ಆ ಮಣ್ಣನ್ನು ಸ್ಪಂಜಿನಂತೆ ಸಡಿಲವಾಗಿಟ್ಟಿರುವುದರಿಂದ ಮಳೆಯ ನೀರು ಅದರೊಳಗೆ ಇಳಿಯುತ್ತದೆ. ತುಳಿತಕ್ಕೆ ಸಿಕ್ಕ ಮಣ್ಣು ಗಟ್ಟಿಯಾಗಿ, ಇಂಗಬೇಕಾದ ನೀರು ಮೇಲೆಯೇ ಹರಿಯತೊಡಗುತ್ತದೆ. ಇಳಿಜಾರಿನಲ್ಲಿ ಜೀಪಿನ ಚಕ್ರ ಒಮ್ಮೆ ಗೆರೆ ಕೊರೆದರೆ ಆಷಾಢದ ಮಳೆ ಆ ಗೆರೆಯನ್ನೇ ಕಾಲುವೆ ಮಾಡಿಕೊಳ್ಳುತ್ತದೆ. ಎರಡು ಮೂರು ಮಳೆಗಾಲದಲ್ಲಿ ಅದು ಕೊರಕಲಾಗುತ್ತದೆ. ಚಕ್ರದ ಮಣ್ಣಿನೊಡನೆ ಪಾರ್ಥೇನಿಯಮ್, ಯುಪಟೋರಿಯಮ್ ಕಳೆಗಳ ಬೀಜವೂ ಮೇಲೇರುತ್ತದೆ. ತೋಟದ ಬದುವಿನಲ್ಲಿ ಯುಪಟೋರಿಯಮ್ ಕಿತ್ತು ಸೋತ ಯಾವ ರೈತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೇಲೆ ಇಂಗದ ನೀರಿನ ನಷ್ಟ ಕೆಳಗಿನ ಮನೆಯಂಗಳದಲ್ಲಿ ಕಾಣಿಸಿಕೊಳ್ಳುತ್ತದೆ. ಗುಡ್ಡದ ಬುಡದ ಅನೇಕ ಮನೆಗಳಿಗೆ ಇಂದಿಗೂ ಅಬ್ಬಿ ನೀರೇ ಆಧಾರ. ಮೋಟಾರಿಲ್ಲದೆ, ಕರೆಂಟಿಲ್ಲದೆ ಪೈಪಿನಲ್ಲಿ ತಾನಾಗಿ ಇಳಿದು ಬರುವ ಆ ನೀರು ಏಪ್ರಿಲ್ ತಿಂಗಳಿನಲ್ಲಿ ಬೆರಳಿನ ಗಾತ್ರಕ್ಕೆ ಇಳಿಯುತ್ತದೆ. ಅದೇ ಅಬ್ಬಿಗೆ ಹೋಂಸ್ಟೇಯೊಂದರ ಹತ್ತು ಸ್ನಾನದ ಕೋಣೆಗಳೂ ಕೈ ಚಾಚಿದರೆ ಬುಡದ ಮನೆಯ ಕೊಡ ತುಂಬುವುದು ತಡವಾಗುತ್ತದೆ. ಮದುವೆಯ ಚಿತ್ರದಲ್ಲಿ ಅಬ್ಬಿ ಸುಂದರವಾಗಿ ಬಂದಿರುತ್ತದೆ ಎಂಬುದು ನಿಜ. ಕೊಡ ಚಿತ್ರದಲ್ಲಿ ಇರುವುದಿಲ್ಲ.

ಇಂಥ ಮದುವೆಗೆ ಯೋಜನೆ ಹಾಕುವವರು ಮೊದಲು ಜಾಗವನ್ನು, ಆಮೇಲೆ ದಿನವನ್ನು ಹುಡುಕುತ್ತಾರೆ. ಬೆಟ್ಟದ ಮಟ್ಟಿಗೆ ದಿನವೇ ಮುಖ್ಯ. ಮಲೆನಾಡಿನಲ್ಲಿ ಮದುವೆಯ ಸುಗ್ಗಿ ಎಂದರೆ ಶಿವರಾತ್ರಿ ಕಳೆದ ಮೇಲೆ ಮೇ ತಿಂಗಳ ಕೊನೆಯವರೆಗೆ. ಪಂಚಾಂಗಕ್ಕಿಂತಲೂ ಕೃಷಿಯ ಬಿಡುವು ಇದಕ್ಕೆ ಕಾರಣವಿರಬೇಕು: ಅಡಕೆ ಸುಲಿದು, ಕಾಫಿ ಒಣಗಿಸಿ, ಕೈಯಲ್ಲಿ ನಾಲ್ಕು ಕಾಸು ಕೂಡುವುದು ಆಗಲೇ. ಕಣಿವೆಯ ಚಪ್ಪರದಡಿಯ ಮದುವೆಗೆ ಅದು ಒಪ್ಪುವ ಕಾಲ. ಶಿಖರದ ಹುಲ್ಲಿಗೆ ಮಾತ್ರ ಅದು ಬೆಂಕಿಯ ಕಾಲ. ಒಣಗಿದ ಹುಲ್ಲಿನ ನಡುವೆ ಹೋಮಕುಂಡವೂ ಒಂದೇ, ಹಾರಿಬಿಡುವ ಆಕಾಶಬುಟ್ಟಿಯೂ ಒಂದೇ, ಸೇದಿ ಎಸೆದ ಬೀಡಿಯೂ ಒಂದೇ. ಗಾಳಿಯ ದಿಕ್ಕು ಬದಲಾದರೆ ಅರ್ಧ ಗಂಟೆಯಲ್ಲಿ ಬೆಂಕಿ ಶೋಲಾದ ಅಂಚಿಗೆ ಬಂದಿರುತ್ತದೆ. ಸೊಪ್ಪು ಹಿಡಿದು ಓಡುವವರು ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರರು ಮತ್ತು ಊರಿನ ಹುಡುಗರು.

ಹಸಿರು ಬೇಕೆನ್ನುವವರು ಜುಲೈ, ಆಗಸ್ಟ್ ತಿಂಗಳುಗಳನ್ನು ಆರಿಸುತ್ತಾರೆ. ಮಂಜು, ಝರಿ ಎಲ್ಲವೂ ಆಗಲೇ. ಆದರೆ ಆ ವೇಳೆಗೆ ನೀರು ಕುಡಿದು ಭಾರವಾದ ಇಳಿಜಾರು ಯಾವ ಗಳಿಗೆಯಲ್ಲಿ ಜಾರುತ್ತದೆಂದು ಹೇಳುವವರಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, 2024ರ ಜುಲೈ 30ರಂದು ವಯನಾಡು ಕಂಡದ್ದನ್ನು ಘಟ್ಟದವರು ಮರೆತಿಲ್ಲ. ಉಂಬಳದ ಕಾಟವನ್ನಾದರೂ ನಕ್ಕು ಸಹಿಸಬಹುದು.

ಹೂವಿನ ಕಾಲವೆಂದು ಬರುವವರದು ಇನ್ನೊಂದು ಕತೆ. ನೀಲಕುರಿಂಜಿ ಹನ್ನೆರಡು ವರ್ಷ ಬೆಳೆದು, ಒಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. 2022ರಲ್ಲಿ ಮುಳ್ಳಯ್ಯನಗಿರಿಯ ಸುತ್ತಿನ ಇಳಿಜಾರುಗಳು ನೀಲಿಯಾದಾಗ ಜನ ತಂಡೋಪತಂಡವಾಗಿ ಬಂದರು. ತಲೆಗೆ ಮುಡಿಯಲು, ಹಾರ ಕಟ್ಟಲು ಕಿತ್ತ ಪ್ರತಿಯೊಂದು ಗೊಂಚಲೂ ಬೀಜವಾಗಬೇಕಾದದ್ದು. ಸಂಪಿಗೆಯನ್ನೋ ಸೇವಂತಿಗೆಯನ್ನೋ ಕಿತ್ತರೆ ಮರುವರ್ಷ ಹೂ ಬರುತ್ತದೆ. ಇಲ್ಲಿ ಕಿತ್ತದ್ದರ ಲೆಕ್ಕ 2034ರ ಹೊತ್ತಿಗೆ ಗೊತ್ತಾಗುತ್ತದೆ.

ಉಳಿಯುವುದು ಮಳೆ ನಿಂತ ಮೇಲಿನ ನವೆಂಬರಿನಿಂದ ಜನವರಿಯವರೆಗಿನ ಅವಧಿ. ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ನೆಲ ಗಟ್ಟಿಯಾಗಿರುತ್ತದೆ, ಅಬ್ಬಿಯಲ್ಲಿ ನೀರಿರುತ್ತದೆ. ಇಲ್ಲಿಯೇ ಒಂದು ತೊಡಕು ಉಂಟು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಪುರೋಹಿತರು ಲಗ್ನ ಇಟ್ಟುಕೊಡುವುದಿಲ್ಲ. ಅಡಕೆ ಕೊಯ್ಲು, ಕಾಫಿ ಕೊಯ್ಲಿನ ದಿನಗಳೂ ಅವೇ ಆದ್ದರಿಂದ ನೆಂಟರಿಗೆ ಬಿಡುವಿರುವುದಿಲ್ಲ. ಮುಹೂರ್ತವನ್ನೂ ಐನೂರು ನೆಂಟರನ್ನೂ ಬಿಡಲಾರದವರಿಗೆ ಬೆಟ್ಟ ಒಪ್ಪುವ ದಿನ ಸಿಗುವುದೇ ಇಲ್ಲ. ಇವೆರಡನ್ನೂ ಬಿಡಬಲ್ಲವರಿಗೆ ಸಿಗುತ್ತದೆ.

ಬಿಡುವ ದಾರಿಯನ್ನು ಅಮೆರಿಕೆಯಿಂದ ತರಿಸಿಕೊಳ್ಳಬೇಕಾದ ಅಗತ್ಯ ಕನ್ನಡಿಗರಿಗೆ ಇರಲಿಲ್ಲ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ರಾಹುಕಾಲ ಗುಳಿಕಕಾಲಗಳ ಗೊಡವೆಯಿಲ್ಲ. ವಧೂವರರು ಅರ್ಥ ತಿಳಿದು ಪ್ರತಿಜ್ಞೆ ಸ್ವೀಕರಿಸುತ್ತಾರೆ. ಅವರ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ 1966ರಲ್ಲಿ ಈ ರೀತಿಯಲ್ಲಿ ನಡೆದದ್ದು ಮೂಡಿಗೆರೆಯ ಸಮೀಪದ ತೋಟದಲ್ಲಿ. ಘಟ್ಟದ ಸೀಮೆಯಲ್ಲಿ ನಡೆದ, ಸರಳವೂ ಆಪ್ತವೂ ಆದ ಮದುವೆಯ ಈ ಮಾದರಿಗೆ ಅರವತ್ತು ವರ್ಷಗಳ ವಯಸ್ಸಾಗುತ್ತ ಬಂದಿದೆ. ಅದು ಶಿಖರವನ್ನು ಏರಲಿಲ್ಲ, ತೋಟದಲ್ಲಿಯೇ ನಡೆಯಿತು ಎಂಬುದನ್ನು ಬೆಟ್ಟದ ಹಿನ್ನೆಲೆ ಹುಡುಕುವವರು ಗಮನಿಸಬೇಕು.

ಅಮೆರಿಕೆಯಿಂದ ಕಲಿಯಬೇಕಾದದ್ದು ಬೇರೆಯೇ ಇದೆ, ಮತ್ತು ಅದನ್ನು ಇಲ್ಲಿಯ ಜಾಹೀರಾತುಗಳು ಹೇಳುವುದಿಲ್ಲ. ಈ ಬಗೆಯ ಮದುವೆಗೆ ಹೆಸರಾದ ಕೊಲೊರಾಡೊ ರಾಜ್ಯದಲ್ಲಿ ಪರವಾನಗಿ ಪಡೆದ ವಧೂವರರು ಪುರೋಹಿತ, ಅಧಿಕಾರಿ, ಸಾಕ್ಷಿ ಯಾರೂ ಇಲ್ಲದೆ ತಮ್ಮ ವಿವಾಹವನ್ನು ತಾವೇ ನೆರವೇರಿಸಿಕೊಳ್ಳಬಹುದು. ಕಾನೂನು ಅಷ್ಟು ಸಡಿಲ. ಆದರೆ ಅದೇ ರಾಜ್ಯದ ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದೊಳಗೆ ಮದುವೆಯಾಗಬೇಕಿದ್ದರೆ, ಜನ ಇಬ್ಬರೇ ಇರಲಿ, ಪ್ರತ್ಯೇಕ ಅನುಮತಿ ಬೇಕು. ಗೊತ್ತುಪಡಿಸಿದ ಕೆಲವೇ ಜಾಗಗಳಲ್ಲಿ ಅವಕಾಶ. ಪ್ರತಿ ಜಾಗಕ್ಕೂ ಇಷ್ಟೇ ಜನ, ಇಷ್ಟೇ ಕಾರು ಎಂಬ ಮಿತಿ. ಅಕ್ಕಿ, ಹೂವಿನ ಎಸಳು ಎರಚುವಂತಿಲ್ಲ. ಅಲ್ಲಿಯ ರಾಷ್ಟ್ರೀಯ ಉದ್ಯಾನಗಳಲ್ಲಿ ಡ್ರೋನ್ ಹಾರಿಸುವುದಕ್ಕೆ 2014ರಿಂದಲೇ ನಿಷೇಧ.

ಭಾರತದಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಹೋಗಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೆಯ ವಿಧಿಯಂತೆ ಅನುಮತಿ ಕೊಡುವ ಉದ್ದೇಶಗಳ ಪಟ್ಟಿಯಿದೆ: ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ, ಅಲ್ಲಿ ವಾಸಿಸುವವರೊಡನೆ ಕಾನೂನುಬದ್ಧ ವ್ಯವಹಾರ. ಮದುವೆ ಎಂಬ ಪದ ಅದರಲ್ಲಿಲ್ಲ. 2022ರ ತಿದ್ದುಪಡಿಯಂತೆ ಛಾಯಾಗ್ರಹಣ, ಚಿತ್ರೀಕರಣಗಳಿಂದ ಆವಾಸಕ್ಕೆ ಹಾನಿಯಾಗಕೂಡದು. ಬೆಂಕಿಯ ಅಪಾಯ ತಂದೊಡ್ಡುವುದು 30ನೆಯ ವಿಧಿಯಂತೆ ಅಪರಾಧ. ಚಾರಣದ ಟಿಕೆಟು ತೆಗೆದು ಕುದುರೆಮುಖಕ್ಕೆ ಹೋಗಿ ಅಲ್ಲಿ ಮದುವೆಯ ಮಂಟಪ ಕಟ್ಟುವುದು ನ್ಯಾಯವಾಗಲಾರದು. ಕುಮಾರಪರ್ವತದಲ್ಲಿ 2024ರ ಜನವರಿಯ ಒಂದೇ ವಾರಾಂತ್ಯಕ್ಕೆ ನುಗ್ಗಿದ ಜನಸಂದಣಿಯಿಂದಾಗಿ ಚಾರಣವನ್ನೇ ನಿಲ್ಲಿಸಿ, ಆಮೇಲೆ ದಿನಕ್ಕೆ ಇಷ್ಟು ಮಂದಿ ಎಂಬ ಮಿತಿ ತರಬೇಕಾಯಿತು. ಅರಣ್ಯದ ಹೊರಗಿನ ಕಂದಾಯ ಭೂಮಿಯ ಗುಡ್ಡಗಳ ಮೇಲೆ ಇಷ್ಟು ಕಾವಲೂ ಇಲ್ಲ. ಹೆಚ್ಚಿನ ಜೀಪು ಹತ್ತುವುದು ಅಲ್ಲಿಗೇ.

ಹೋಂಸ್ಟೇ ನಡೆಸುವವರೂ ಜೀಪು ಓಡಿಸುವವರೂ ಹೊರಗಿನವರಲ್ಲ, ಅನೇಕರು ಊರಿನ ಮಕ್ಕಳೇ. ಕಾಳುಮೆಣಸಿಗೆ ಸೊರಗುರೋಗ, ಅಡಕೆಗೆ ಎಲೆಚುಕ್ಕಿ ರೋಗ ಬಂದು ತೋಟದ ಆದಾಯ ಕುಸಿದ ಮನೆಗೆ ಇಂಥ ಮದುವೆಯ ಹಣ ಆಸರೆ. ಅದನ್ನು ತಪ್ಪಿಸುವ ಮಾತನ್ನು ಯಾರೂ ಆಡಬಾರದು. ಆದರೆ ಮದುವೆ ನಡೆಯಬೇಕಾದ ಜಾಗ ತೋಟದಂಚು, ಗದ್ದೆಯ ಕಣ, ದೇವಸ್ಥಾನದ ಅಂಗಳ ಎಂದು ಗ್ರಾಮಸಭೆ ಗೊತ್ತುಪಡಿಸಿ, ಮೇಲಿನ ಹುಲ್ಲಿಗೆ ಕಾಲ್ನಡಿಗೆ ಮಾತ್ರ ಎಂದು ನಿರ್ಣಯಿಸಿದರೆ ಆ ಹಣವೇನೂ ಕಡಿಮೆಯಾಗುವುದಿಲ್ಲ. ಬೆಟ್ಟ ಕಣದಿಂದಲೂ ಕಾಣುತ್ತದೆ. ಅಡುಗೆ, ಬಾಳೆಯೆಲೆ, ಹಾಳೆತಟ್ಟೆ, ವಾಲಗ ಊರಿನವರಿಂದಲೇ ಆಗಬೇಕೆಂದರೆ ಇನ್ನಷ್ಟು ಹಣ ಊರಿನಲ್ಲಿಯೇ ಉಳಿಯುತ್ತದೆ.

ಇನ್ನು ನಿಜವಾಗಿಯೂ ಓಡಿಹೋಗಬೇಕಾದವರ ವಿಚಾರ. ಹಣವಿದ್ದವರ ಓಟಕ್ಕೆ ಛಾಯಾಗ್ರಾಹಕರು ಜೊತೆಯಾಗುತ್ತಾರೆ. ಜಾತಿ ಮೀರಿ ಒಲಿದ ಹಳ್ಳಿಯ ಹುಡುಗ ಹುಡುಗಿಗೆ ಕೆಲವೊಮ್ಮೆ ಪೊಲೀಸ್ ಠಾಣೆಯೇ ಗತಿ. ಅಂಥವರಿಗೆ ರಕ್ಷಣೆ, ಸುರಕ್ಷಿತ ವಸತಿ ಕೊಡಬೇಕೆಂದು ಸುಪ್ರೀಂ ಕೋರ್ಟು 2018ರ ಶಕ್ತಿವಾಹಿನಿ ಪ್ರಕರಣದಲ್ಲಿ ಸರ್ಕಾರಗಳಿಗೆ ನಿರ್ದೇಶನ ಕೊಟ್ಟಿದೆ. ಗುಡ್ಡದ ಮೇಲೆ ಹಾರ ಬದಲಾಯಿಸಿಕೊಂಡ ಮಾತ್ರಕ್ಕೆ ಮದುವೆ ಊರ್ಜಿತವಾಗುವುದಿಲ್ಲ ಎಂಬುದನ್ನು ಇಬ್ಬರೂ, ಮುಖ್ಯವಾಗಿ ಹುಡುಗಿ, ತಿಳಿದಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಂತೆ ಇಬ್ಬರಲ್ಲಿ ಒಬ್ಬರಾದರೂ ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟಿಸು ಕೊಡಬೇಕು. ಅದನ್ನು ಕಚೇರಿಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಮೂವರು ಸಾಕ್ಷಿಗಳು ಬೇಕು. ಮನೆಯವರ ಕಣ್ಣು ತಪ್ಪಿಸಿದವರಿಗೆ ಆ ಪ್ರಕಟಣೆಯೇ ಅಪಾಯ ತರುತ್ತದೆಂಬ ಆಕ್ಷೇಪ ನ್ಯಾಯವಾದದ್ದು. ಕಾಯ್ದೆ ತಿದ್ದುವವರೆಗೂ ಈ ದಾರಿಯಲ್ಲಿ ಎಚ್ಚರದಿಂದ ನಡೆಯಬೇಕು.

ಅದೇ ಕಾಯ್ದೆಯ 12ನೆಯ ವಿಧಿಯಲ್ಲಿ ಹೆಚ್ಚು ಜನ ಓದದ ಒಂದು ಅನುಕೂಲವಿದೆ. ಮದುವೆ ಕಚೇರಿಯಲ್ಲಿಯೇ ಆಗಬೇಕೆಂದಿಲ್ಲ. ಹೆಚ್ಚುವರಿ ಶುಲ್ಕ ಕಟ್ಟಿದರೆ, ಕಚೇರಿಯಿಂದ ಸಮಂಜಸವಾದ ದೂರದೊಳಗಿರುವ, ವಧೂವರರು ಬಯಸಿದ ಬೇರೆ ಸ್ಥಳದಲ್ಲಿಯೂ ಆಗಬಹುದು. ಬೆಂಗಳೂರಿನಲ್ಲಿ ನೋಟಿಸು ಕೊಟ್ಟು ಮುಳ್ಳಯ್ಯನಗಿರಿಗೆ ಅಧಿಕಾರಿಯನ್ನು ಕರೆಯಲಾಗದು. ಘಟ್ಟದಲ್ಲಿಯೇ ಮನೆಯುಳ್ಳ ಹುಡುಗ ಹುಡುಗಿಗೆ ತಮ್ಮ ಊರಿನ ಕಣದಲ್ಲಿ, ಮೂವರು ಸಾಕ್ಷಿಗಳೊಂದಿಗೆ, ಬೆಟ್ಟಕ್ಕೆ ಎದುರಾಗಿ ನಿಂತು ಮದುವೆಯಾಗುವ ಅವಕಾಶ ಇದೆ. ನವೆಂಬರ್ ಮೊದಲ ವಾರ ನೋಟಿಸು ಕೊಟ್ಟರೆ ಡಿಸೆಂಬರಿನ ಎರಡನೆಯ ವಾರದ ಹೊತ್ತಿಗೆ ಮೂವತ್ತು ದಿನ ಕಳೆದಿರುತ್ತದೆ. ನೋಟಿಸಿನ ಆಯುಷ್ಯ ಮೂರು ತಿಂಗಳು. ಫೆಬ್ರವರಿಗೆ ಅದೂ ಮುಗಿಯುತ್ತದೆ, ಮೇಲಿನ ಹುಲ್ಲೂ ಒಣಗಿರುತ್ತದೆ.