ಅವನ ನಾಲಗೆ ಕಿತ್ತವರು ಯಾರು?

ಕಳೆದ ತಿಂಗಳು ನಮ್ಮ ಕಾಲೇಜಿನ ಸಾಹಿತ್ಯ ಸಂಘದವರು ಒಂದು ಸಂಜೆ ಚರ್ಚಾಕೂಟ ಏರ್ಪಡಿಸಿದ್ದರು. ವಿಷಯ, ಮೇರಿ ಶೆಲ್ಲಿಯ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿ ಮತ್ತು ಅದರಿಂದ ಹುಟ್ಟಿದ ನಾಟಕ, ಚಲಚ್ಚಿತ್ರಗಳು. ಕನ್ನಡ ಅಧ್ಯಾಪಕನಾದ ನನ್ನನ್ನು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದರು. ಅಧ್ಯಕ್ಷನಿಗೆ ಕೊನೆಯವರೆಗೆ ಮಾತಾಡುವ ಅವಕಾಶವಿರುವುದಿಲ್ಲ. ಅವಕಾಶ ಬರುವ ಹೊತ್ತಿಗೆ ಕೇಳುವವರಿರುವುದಿಲ್ಲ. ಆದ್ದರಿಂದ ಅಂದು ಗಂಟಲಲ್ಲೇ ಉಳಿದ ಮಾತನ್ನು ಇಲ್ಲಿ ಆಡುತ್ತಿದ್ದೇನೆ.

ಕೂಟದಲ್ಲಿ ಅಭಿಮಾನಿಗಳಿಗೆ ಬರವಿರಲಿಲ್ಲ. ಬೋರಿಸ್ ಕಾರ್ಲಾಫನದೊಂದು ಪಕ್ಷ, ಕ್ರಿಸ್ಟಫರ್ ಲೀಯದೊಂದು ಪಕ್ಷ, 2025ರ ಗಿಯೆರ್ಮೊ ಡೆಲ್ ಟೋರೊ ಚಿತ್ರದಲ್ಲಿ ನಟಿಸಿದ ಜೇಕಬ್ ಎಲಾರ್ಡಿಯದು ಮತ್ತೊಂದು ಪಕ್ಷ. ಯಾರ ಮುಖದ ಹೊಲಿಗೆ ಹೆಚ್ಚು ಭಯಂಕರ, ಯಾರ ನಡಿಗೆ ಹೆಚ್ಚು ಸಹಜ ಎಂದು ಒಂದು ಗಂಟೆ ವಾಗ್ವಾದ ನಡೆಯಿತು. ಪುಸ್ತಕ ಓದಿದ್ದ ಒಬ್ಬಿಬ್ಬರು ಎದ್ದು, ಫ್ರಾಂಕೆನ್‌ಸ್ಟೈನ್ ಎಂಬುದು ಮಾಡಿದವನ ಹೆಸರು, ಮಾಡಲ್ಪಟ್ಟವನಿಗೆ ಹೆಸರೇ ಇಲ್ಲ ಎಂದು ತಿದ್ದಿ, ಪರಮಾರ್ಥವನ್ನೇ ಉಪದೇಶಿಸಿದವರಂತೆ ಕುಳಿತರು. ಕೊನೆಗೊಬ್ಬರು, “ಒಟ್ಟಿನಲ್ಲಿ ನಮ್ಮ ಭಸ್ಮಾಸುರನ ಕಥೆಯೇ ಅಲ್ಲವೆ?” ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮೈಯುರಿದದ್ದು ಆಗ.

ಭಸ್ಮಾಸುರ ತಪಸ್ಸು ಮಾಡಿದವನು. ಬೇಡಿ ವರ ಪಡೆದವನು. ಪಡೆದ ವರವನ್ನು ಕೊಟ್ಟವನ ತಲೆಯ ಮೇಲೆಯೇ ಪರೀಕ್ಷಿಸಹೊರಟ ಕೃತಘ್ನ. ಮೇರಿಯ ಪಾತ್ರ ಯಾವ ತಪಸ್ಸನ್ನೂ ಮಾಡಲಿಲ್ಲ, ಯಾವ ವರವನ್ನೂ ಬೇಡಲಿಲ್ಲ. ಹುಟ್ಟನ್ನು ಕೂಡ ಅವನು ಬೇಡಿದವನಲ್ಲ. ಅವನು ಕಣ್ಣು ತೆರೆದ ರಾತ್ರಿಯೇ ವಿಕ್ಟರ್ ಫ್ರಾಂಕೆನ್‌ಸ್ಟೈನ್ ತನ್ನ ಕೈಯ ಕೆಲಸವನ್ನು ಕಂಡು ಹೇಸಿ ಓಡಿಹೋದ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೆ ಎಂದು ನಮ್ಮ ಹಿರಿಯರು ಧೈರ್ಯ ಹೇಳುತ್ತಿದ್ದರು. ಈ ಹುಟ್ಟಿಸಿದಾತ ಮೇಯಿಸಿಯೇಬಿಟ್ಟ: ಆ ಬಡಪಾಯಿ ಕಾಡಿನ ಕಾಯಿ, ಹಣ್ಣು, ಗಡ್ಡೆ ತಿಂದು ಬದುಕಿದ. ಕೃತಘ್ನತೆ ಇಲ್ಲಿ ಯಾರದು? ಪತ್ರಿಕೆಗಳಲ್ಲಿ ಯಂತ್ರಬುದ್ಧಿಯ ವಿಚಾರ ಬಂದಾಗಲೆಲ್ಲ ‘ಫ್ರಾಂಕೆನ್‌ಸ್ಟೈನ್’ ಎಂದೂ ‘ಭಸ್ಮಾಸುರ’ ಎಂದೂ ಒಂದೇ ಉಸಿರಿನಲ್ಲಿ ಬರೆಯುವ ಮಹನೀಯರು ಈ ಪ್ರಶ್ನೆಯನ್ನು ಒಮ್ಮೆಯಾದರೂ ಕೇಳಿಕೊಳ್ಳಬೇಕು.

ಈ ತಪ್ಪು ಎಲ್ಲಿಂದ ಬಂತು? ಓದದಿರುವುದರಿಂದ ಎನ್ನುವುದು ಸುಲಭದ ಉತ್ತರ. ನನ್ನ ವಾದ ಬೇರೆ. ಎರಡು ಶತಮಾನಗಳಿಂದ ರಂಗಭೂಮಿಯೂ ಬೆಳ್ಳಿತೆರೆಯೂ ಸೇರಿ ಆ ಪಾತ್ರದ ನಾಲಗೆಯನ್ನು ಕಿತ್ತಿವೆ. ಅದರಿಂದಲೇ ಬಂತು.

1818ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಈ ಕಾದಂಬರಿಯ ರಚನೆಯನ್ನು ನೋಡಿ. ಹೊರಗೆ ಧ್ರುವಪ್ರದೇಶಕ್ಕೆ ಹೊರಟ ವಾಲ್ಟನ್ ತನ್ನ ಸೋದರಿಗೆ ಬರೆದ ಕಾಗದಗಳು. ಅವುಗಳೊಳಗೆ ವಿಕ್ಟರನ ಆತ್ಮಕಥೆ. ಅದರೊಳಗೆ, ಗರ್ಭಗುಡಿಯಲ್ಲಿಟ್ಟಂತೆ, ಹೆಸರಿಲ್ಲದವನ ಕಥೆ, ಅವನದೇ ಮಾತಿನಲ್ಲಿ. 1831ರ ಪರಿಷ್ಕೃತ ಆವೃತ್ತಿಯಲ್ಲಿ ಹನ್ನೊಂದರಿಂದ ಹದಿನಾರರವರೆಗಿನ ಆರು ಅಧ್ಯಾಯಗಳು ಅವನವು. ಸಿಡಿಲಿನಿಂದ ಜೀವ ಬರುವ ಗೋಪುರವಾಗಲಿ, ಗೂನುಬೆನ್ನಿನ ಸಹಾಯಕನಾಗಲಿ ಪುಸ್ತಕದಲ್ಲಿಲ್ಲ. ಹುಡುಗರ ಉತ್ತರಪತ್ರಿಕೆಗಳಲ್ಲಿ ಮಾತ್ರ ತಪ್ಪದೆ ಇರುತ್ತವೆ. ಪುಸ್ತಕದಲ್ಲಿರುವುದು ಒಬ್ಬ ಅನಾಥ ಭಾಷೆ ಕಲಿತ ವೃತ್ತಾಂತ.

ಭಾಷೆ ಕಲಿಸಿ ಹೊಟ್ಟೆ ಹೊರೆಯುವ ನನಗೆ ಆ ವೃತ್ತಾಂತಕ್ಕಿಂತ ಹತ್ತಿರದ್ದು ಜಗತ್ತಿನ ಕಥೆಗಳಲ್ಲಿ ಕಡಿಮೆ. ಡಿ ಲೇಸಿ ಎಂಬ ಬಡ ಕುಟುಂಬದ ಮನೆಗೆ ಅಂಟಿಕೊಂಡ ಗೂಡಿನಲ್ಲಿ ಅವನು ಅಡಗಿರುತ್ತಾನೆ. ಗೋಡೆಯ ಬಿರುಕಿನಿಂದ ಅವರನ್ನು ನೋಡುತ್ತ, ಬೆಂಕಿ, ಹಾಲು, ರೊಟ್ಟಿ, ಸೌದೆ ಎಂಬ ಮೊದಲ ಮಾತುಗಳನ್ನು ಹಿಡಿಯುತ್ತಾನೆ. ಹಗಲು ಕದ್ದು ಕೇಳಿದ ಪಾಠಕ್ಕೆ ಗುರುದಕ್ಷಿಣೆಯೋ ಎಂಬಂತೆ, ರಾತ್ರಿ ಅವರಿಗಾಗಿ ಸೌದೆ ಕಡಿದು ತಂದು ಬಾಗಿಲಲ್ಲಿಡುತ್ತಾನೆ. ಪರದೇಶದಿಂದ ಬಂದ ಸೇಫಿ ಎಂಬ ಯುವತಿಗೆ ಆ ಮನೆಯ ಮಗ ಫೀಲಿಕ್ಸ್ ಭಾಷೆ ಹೇಳಿಕೊಡುವಾಗ, ಗೋಡೆಯಾಚೆ ಕುಳಿತ ಈ ಎರಡನೆಯ ವಿದ್ಯಾರ್ಥಿಯೂ ಕಲಿಯುತ್ತಾನೆ. ಮುಂದೆ ಕಾಡಿನಲ್ಲಿ ಸಿಕ್ಕ ಪೆಟ್ಟಿಗೆಯೊಂದರಿಂದ ಮಿಲ್ಟನ್, ಪ್ಲೂಟಾರ್ಕ್, ಗಯಟೆಯವರನ್ನು ಓದುತ್ತಾನೆ. ನಮ್ಮ ಎಂ.ಎ. ತರಗತಿಗಳಲ್ಲಿ ಇಷ್ಟು ಓದಿದವರು ಎಷ್ಟು ಮಂದಿ?

ಅವನ ಮಾತನ್ನು ಸಮಾಧಾನದಿಂದ ಮೊದಲು ಕೇಳುವವನು ಆ ಮನೆಯ ಕುರುಡು ಮುದುಕ. ಕಣ್ಣಿಲ್ಲದವನಿಗೆ ಅವನು ಕಷ್ಟದಲ್ಲಿರುವ ಒಬ್ಬ ಮನುಷ್ಯ. ಕಣ್ಣುಳ್ಳ ಫೀಲಿಕ್ಸ್ ಬಂದೊಡನೆ ಕೋಲಿನ ಪೆಟ್ಟು. ಹಿಮನದಿಯ ಮೇಲೆ ವಿಕ್ಟರನನ್ನು ಎದುರುಗೊಂಡಾಗ ಅವನು ತನ್ನ ಕೈಗಳಿಂದ ವಿಕ್ಟರನ ಕಣ್ಣುಗಳನ್ನೇ ಮುಚ್ಚುತ್ತಾನೆ: ನೋಡಲಾಗದಿದ್ದರೆ ಬೇಡ, ಕೇಳು ಎಂದು. ಇಡೀ ಕಾದಂಬರಿಯ ಸಾರ ಆ ಒಂದು ಕ್ರಿಯೆಯಲ್ಲಿದೆ. ಕಣ್ಣು ತೀರ್ಪು ಕೊಟ್ಟುಬಿಡುವ ಮುನ್ನ ಕಿವಿಗೆ ಒಂದು ಅವಕಾಶ ಕೊಡಿ ಎಂಬುದು ಅವನ ಬೇಡಿಕೆ.

ಇಂಥ ಪಾತ್ರವನ್ನು ರಂಗಕ್ಕೆ ತಂದವರು ಮಾಡಿದ್ದೇನು? 1823ರ ಜುಲೈನಲ್ಲಿ ಲಂಡನ್ನಿನ ಇಂಗ್ಲಿಷ್ ಆಪೆರಾ ಹೌಸಿನಲ್ಲಿ ರಿಚರ್ಡ್ ಬ್ರಿನ್‌ಸ್ಲಿ ಪೀಕ್ ಬರೆದ ‘ಪ್ರಿಸಂಪ್ಷನ್’ ನಾಟಕ ಬಂತು. ಟಿ. ಪಿ. ಕುಕ್ ಎಂಬ ನಟ ಆ ಪಾತ್ರ ವಹಿಸಿದ. ಕರಪತ್ರದಲ್ಲಿ ಪಾತ್ರದ ಹೆಸರಿರಬೇಕಾದ ಜಾಗದಲ್ಲಿ ಬರಿಯ ಗೆರೆ. ರಂಗದ ಮೇಲೆ ಅವನಿಗೆ ಒಂದು ಮಾತೂ ಇಲ್ಲ. ಮುಂದಿನ ನಾಟಕಕಾರರಿಗೂ ಚಿತ್ರ ನಿರ್ದೇಶಕರಿಗೂ ಇದೇ ಮಾದರಿಯಾಯಿತು.

ಇಲ್ಲಿ ಪ್ರತಿವಾದಿಗಳು ಒಂದು ಅಸ್ತ್ರ ತೆಗೆಯುತ್ತಾರೆ. ಮೇರಿ ಶೆಲ್ಲಿಯೇ ಆ ವರ್ಷ ಆಗಸ್ಟಿನಲ್ಲಿ ಈ ನಾಟಕವನ್ನು ನೋಡಿ ಮೆಚ್ಚಿದಳಲ್ಲ, ಲೇಖಕಿಗಿಲ್ಲದ ಸಂಕಟ ನಿಮಗೇಕೆ ಎಂದು. ನಿಜ, ಆಕೆ ಲೀ ಹಂಟನಿಗೆ ಬರೆದ ಕಾಗದದಲ್ಲಿ ಕುಕ್ಕನ ಅಭಿನಯವನ್ನು ಕೊಂಡಾಡಿದ್ದಾಳೆ. ಹೆಸರಿಲ್ಲದ ಆ ಗೆರೆಯನ್ನೂ ಮೆಚ್ಚಿದ್ದಾಳೆ. ಆದರೆ ಅಭಿನಯದಲ್ಲಿ ಆಕೆ ಏನನ್ನು ಮೆಚ್ಚಿದಳು? ಕಿವಿಗೆ ಬಿದ್ದ ನಾದವನ್ನು ಕೈಚಾಚಿ ಹಿಡಿಯಲು ಅವನು ಯತ್ನಿಸುವುದನ್ನು. ಅದು ಮಾತು ಕಲಿಯಹೊರಟ ಜೀವದ ಚಿತ್ರ. ಆ ನಟ ಮೂಕಾಭಿನಯದಲ್ಲೂ ಮಾತಿನ ಹಸಿವನ್ನು ತೋರಿಸಿದ. ಮುಂದೆ ಬಂದವರು ಹಸಿವನ್ನೂ ಬಿಟ್ಟು ಮೂಕತನವನ್ನಷ್ಟೇ ಇಟ್ಟುಕೊಂಡರು.

1931ರ ಜೇಮ್ಸ್ ವೇಲನ ಚಿತ್ರಕ್ಕೆ ಬರೋಣ. ಕಾರ್ಲಾಫ್ ಮಹಾನಟನೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆ ಕಣ್ಣುಗಳ ದೈನ್ಯ ಮರೆಯುವಂಥದಲ್ಲ. ಆದರೆ ಆ ಚಿತ್ರ ಎರಡು ಅಪರಾಧಗಳನ್ನು ಮಾಡಿದೆ. ಒಂದು, ಸಹಾಯಕ ಕದ್ದು ತಂದ ಮಿದುಳು ಅಪರಾಧಿಯದು ಎಂದು ಕಥೆ ಕಟ್ಟಿತು. ಮೇರಿಯ ಕಾದಂಬರಿಯಲ್ಲಿ ಅಂಥ ಮಿದುಳಿನ ಮಾತೇ ಇಲ್ಲ. ಅವನು ಒಳ್ಳೆಯವನಾಗಿ ಹೊರಟು, ಒದೆ ತಿಂದು ತಿಂದು ಕೆಟ್ಟವನಾದ. ಕೇಡು ಮಿದುಳಿನಲ್ಲಿತ್ತು ಎಂದರೆ ಒದ್ದವರೆಲ್ಲ ನಿರ್ದೋಷಿಗಳು! ಎರಡನೆಯದು, ಪುಸ್ತಕದಲ್ಲಿ ಅವನು ನೀರಿಗೆ ಬಿದ್ದ ಹುಡುಗಿಯೊಬ್ಬಳನ್ನು ಪ್ರವಾಹದಿಂದ ಎಳೆದು ಬದುಕಿಸುತ್ತಾನೆ. ಪ್ರತಿಫಲವಾಗಿ ಬಂದೂಕಿನ ಗುಂಡು ತಿನ್ನುತ್ತಾನೆ. ಚಿತ್ರದಲ್ಲಿ ಅವನು ಪುಟ್ಟ ಹುಡುಗಿಯೊಬ್ಬಳನ್ನು, ಹೂವಿನಂತೆ ತೇಲುತ್ತಾಳೆಂದು ಬಗೆದು, ಕೆರೆಗೆ ಎಸೆಯುತ್ತಾನೆ. ಮಗು ಮುಳುಗಿ ಸಾಯುತ್ತದೆ. ಬದುಕಿಸಿದ ಕೈಯನ್ನು ಮುಳುಗಿಸಿದ ಕೈಯಾಗಿ ತಿರುಗಿಸಿದ್ದನ್ನು ರೂಪಾಂತರವೆನ್ನಬೇಕೋ, ಸುಳ್ಳುಸಾಕ್ಷಿ ಎನ್ನಬೇಕೋ ಓದುಗರೇ ಹೇಳಲಿ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. 1818ರಲ್ಲಿ ಪುಸ್ತಕ ಬಂದಾಗ ಮುಖಪುಟದಲ್ಲಿ ಲೇಖಕಿಯ ಹೆಸರಿರಲಿಲ್ಲ. ಇಂಗ್ಲಿಷ್ ಮುದ್ರಣದಲ್ಲಿ ಅದು ಕಂಡದ್ದು 1823ರ ಎರಡನೆಯ ಆವೃತ್ತಿಯಲ್ಲಿ. ನೂರೆಂಟು ವರ್ಷಗಳ ಮೇಲೆ ವೇಲನ ಚಿತ್ರದ ಮೊದಲ ಹಲಗೆಯಲ್ಲಿ ಆಕೆ ಮತ್ತೆ ಮರೆಯಾಗಿ, ಪರ್ಸಿ ಬಿ. ಶೆಲ್ಲಿಯವರ ಶ್ರೀಮತಿಯಾಗಿ ನಿಂತಿದ್ದಾಳೆ. ಅದೇ ಹಲಗೆಗಳಲ್ಲಿ ಪಾತ್ರಧಾರಿಯ ಹೆಸರಿಗೆ ಬದಲು ಒಂದು ಪ್ರಶ್ನಾರ್ಥಕ ಚಿಹ್ನೆ. ಮಾತು ಕಳೆದುಕೊಂಡ ಪಾತ್ರ, ಹೆಸರು ಕಳೆದುಕೊಂಡ ಲೇಖಕಿ!

ವೇಲನಿಗೆ ನ್ಯಾಯವಾಗಿ ಒಂದು ಮಾತು ಹೇಳಬೇಕು. 1935ರ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದಲ್ಲಿ ಆತ ಕುರುಡು ಸಂನ್ಯಾಸಿಯೊಬ್ಬನಿಂದ ಅವನಿಗೆ ನಾಲ್ಕಾರು ಮಾತು ಕಲಿಸಿದ. ಚಿತ್ರದ ಅತ್ಯುತ್ತಮ ಭಾಗವೂ ಅದೇ. ಬೇರೊಬ್ಬರು ನಿರ್ದೇಶಿಸಿದ 1939ರ ಮುಂದಿನ ಭಾಗದಲ್ಲಿ ಆ ನಾಲ್ಕಾರು ಮಾತುಗಳನ್ನೂ ಕಸಿದುಕೊಂಡರು.

ಹಾಗಾದರೆ ನಾನು ಮೂಲಕೃತಿಯ ಒಂದಕ್ಷರ ಕದಲಬಾರದೆನ್ನುವ ಮಡಿವಂತನೇ? ಅಲ್ಲ. ಕನ್ನಡ ಓದಿದವನು ಹಾಗೆ ಹೇಳಲಾರ. ಸೊಫೊಕ್ಲೀಸನ ‘ಏಜಾಕ್ಸ್’ 1929ರಲ್ಲಿ ಬಿ. ಎಂ. ಶ್ರೀಯವರ ಕೈಯಲ್ಲಿ ‘ಅಶ್ವತ್ಥಾಮನ್’ ಆಯಿತು. ‘ಹ್ಯಾಮ್ಲೆಟ್’ ಕುವೆಂಪು ಅವರಲ್ಲಿ ‘ರಕ್ತಾಕ್ಷಿ’ಯಾಯಿತು. ರನ್ನ ಸಾವಿರ ವರ್ಷದ ಹಿಂದೆ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ರಣರಂಗದ ಹೆಣಗಳ ನಡುವೆ ನಡೆಸಿ, ತಮ್ಮನಿಗಾಗಿಯೂ ಕರ್ಣನಿಗಾಗಿಯೂ ಅಳಿಸಿದ. ಅಲ್ಲಿ ಕಥೆ ಬಾಗಿತು, ಆದರೆ ಖಳನೆನಿಸಿಕೊಂಡವನಿಗೆ ಹೆಚ್ಚಿನ ಮಾತು ದಕ್ಕಿತು. ಬದಲಾಯಿಸಿ, ಬೇಡವೆನ್ನುವುದಿಲ್ಲ. ಬದಲಾಯಿಸಿದಾಗ ಯಾರ ಬಾಯಿ ತೆರೆಯಿತು, ಯಾರ ಬಾಯಿ ಮುಚ್ಚಿತು ಎಂಬುದೇ ನನ್ನ ಲೆಕ್ಕ.

ಈ ಲೆಕ್ಕದಲ್ಲಿ 2011ರ ಲಂಡನ್ನಿನ ನ್ಯಾಷನಲ್ ಥಿಯೇಟರಿನ ಪ್ರಯೋಗ ದೊಡ್ಡದು. ನಿಕ್ ಡಿಯರ್ ಬರೆದು ಡ್ಯಾನಿ ಬಾಯ್ಲ್ ನಿರ್ದೇಶಿಸಿದ ಆ ನಾಟಕದಲ್ಲಿ ಬೆನೆಡಿಕ್ಟ್ ಕಂಬರ್‌ಬ್ಯಾಚ್, ಜಾನಿ ಲೀ ಮಿಲ್ಲರ್ ಎಂಬ ಇಬ್ಬರು ನಟರು ಮಾಡಿದವನ ಮತ್ತು ಮಾಡಲ್ಪಟ್ಟವನ ಪಾತ್ರಗಳನ್ನು ಅದಲುಬದಲಾಗಿ ಆಡಿದರು. ಕಥೆ ಅವನ ಹುಟ್ಟಿನಿಂದಲೇ ಆರಂಭವಾಗಿ, ತೊದಲಿನಿಂದ ವಾಗ್ವಾದದವರೆಗೆ ಬೆಳೆಯುತ್ತದೆ. 2020ರಲ್ಲಿ ಊರೆಲ್ಲ ಬಾಗಿಲು ಮುಚ್ಚಿದ್ದಾಗ ಅದರ ಚಿತ್ರಮುದ್ರಿಕೆಯನ್ನು ಅಂತರ್ಜಾಲದಲ್ಲಿ ಒಂದು ವಾರ ಉಚಿತವಾಗಿ ತೋರಿಸಿದರು. ನಾನು ನೋಡಿದ್ದು ಆಗಲೇ.

ಡೆಲ್ ಟೋರೊ ಕೂಡ ಚಿತ್ರದ ಉತ್ತರಾರ್ಧವನ್ನು ಅವನ ಕಥನಕ್ಕೇ ಬಿಟ್ಟುಕೊಟ್ಟಿದ್ದಾನೆ, ಅದಕ್ಕೆ ವಂದನೆ. ಆದರೆ ನಾಲಗೆ ಕೊಟ್ಟ ಕೈ ಪಾಪವನ್ನು ಕಿತ್ತುಕೊಂಡಿದೆ. ಕಾದಂಬರಿಯಲ್ಲಿ ಅವನು ಪುಟ್ಟ ಬಾಲಕ ವಿಲಿಯಮ್ಮನ ಕತ್ತು ಹಿಸುಕುತ್ತಾನೆ. ಆ ಆರೋಪವನ್ನು ನಿರಪರಾಧಿ ಜಸ್ಟೀನಳ ಮೇಲೆ ಹೊರಿಸಿ ಅವಳನ್ನು ಗಲ್ಲಿಗೆ ಕಳಿಸುತ್ತಾನೆ. ಮದುವೆಯ ರಾತ್ರಿ ಎಲಿಜಬೆತ್ತಳನ್ನು ಕೊಲ್ಲುತ್ತಾನೆ. ಚಿತ್ರದಲ್ಲಿ ವಿಲಿಯಂ ಮಗುವಲ್ಲ, ಜಸ್ಟೀನಳ ಪ್ರಸಂಗವಿಲ್ಲ, ಎಲಿಜಬೆತ್ ಸಾಯುವುದು ವಿಕ್ಟರನ ಗುಂಡಿನಿಂದ. ಪಾಪವಿಲ್ಲದವನ ಮಾತು ಕೇಳುವುದು ಯಾರಿಗೆ ಕಷ್ಟ? ಮೇರಿ ಇಟ್ಟ ಪರೀಕ್ಷೆ ಕಠಿನವಾದದ್ದು: ಇವನು ಕೊಲೆಗಡುಕ, ಹೌದು, ಆದರೂ ಇವನ ಮಾತನ್ನು ಪೂರ್ತಿ ಕೇಳಿ, ಆಮೇಲೆ ತೀರ್ಪು ಕೊಡಿ. ಕೇಳುವುದೆಂದರೆ ಕ್ಷಮಿಸುವುದಲ್ಲ. ವಿಕ್ಟರನ ಹೆಣದ ಮುಂದೆ ನಿಂತು ಅವನಾಡುವ ಕೊನೆಯ ದೀರ್ಘ ಮಾತಿನಲ್ಲಿ ಅವನೇ ತನ್ನನ್ನು ಕ್ಷಮಿಸಿಕೊಂಡಿಲ್ಲ.

ಯಾವುದೋ ದೇಶದ ಭೂತದ ಕಥೆಗೆ ಇಷ್ಟು ಕೋಪವೇಕೆ ಎಂದು ಕೇಳುವಿರಿ. ಹೇಳಲು ನಾಚಿಕೆಯಾದರೂ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ, ಹಳ್ಳಿಯಿಂದ ಬಂದ ಹುಡುಗನೊಬ್ಬ ತರಗತಿಯಲ್ಲಿ ಎದ್ದು ಪದ್ಯ ಓದುತ್ತ ‘ಹಾಲು’ ಎಂಬಲ್ಲಿ ‘ಆಲು’ ಎಂದ. ತರಗತಿ ನಕ್ಕಿತು. ನಾನೂ ನಕ್ಕೆ. ಆ ವರ್ಷವೆಲ್ಲ ಅವನು ಮತ್ತೆ ಬಾಯಿ ತೆರೆಯಲಿಲ್ಲ. ನಾನೂ ಅವನನ್ನು ದಡ್ಡನ ಲೆಕ್ಕಕ್ಕೆ ಬರೆದುಕೊಂಡೆ. ವರ್ಷಾಂತ್ಯದ ಪರೀಕ್ಷೆಯಲ್ಲಿ ಕರ್ಣನ ಪಾತ್ರವನ್ನು ಕುರಿತು ಅವನು ಬರೆದ ಉತ್ತರ ಓದಿದಾಗ, ಅಂಥ ಉತ್ತರ ನಾನು ಬರೆಯಲಾರೆನೆಂದು ತಿಳಿಯಿತು. ಆ ಹೊತ್ತಿಗೆ ಅವನು ಕಾಲೇಜು ಬಿಟ್ಟಾಗಿತ್ತು. ನಾಲಗೆ ಕೀಳಲು ಇಕ್ಕಳ ಬೇಕಿಲ್ಲ, ಒಂದು ನಗು ಸಾಕು.

ಮುಂದಿನ ವರ್ಷ ನಮ್ಮ ಸಂಘದವರು ಇದೇ ಚರ್ಚೆಯನ್ನು ಮತ್ತೆ ನಡೆಸುವರಂತೆ. ನನ್ನ ಸಲಹೆ ಇಷ್ಟೆ. ಕಾರ್ಲಾಫನ ಪಕ್ಷದವರೂ ಎಲಾರ್ಡಿಯ ಪಕ್ಷದವರೂ ಬರಲಿ, ಹೆಸರು ತಿದ್ದುವ ಪಂಡಿತರೂ ಬರಲಿ. ಬರುವ ಮುನ್ನ ಎಲ್ಲರೂ ಹನ್ನೊಂದರಿಂದ ಹದಿನಾರರವರೆಗಿನ ಆರು ಅಧ್ಯಾಯಗಳನ್ನು ಓದಿಕೊಂಡು ಬರಲಿ. ಎರಡು ನೂರು ವರ್ಷಗಳಿಂದ ಅವನ ಮುಖವನ್ನು ಕುರಿತು ಮಾತಾಡಿದ್ದಾಗಿದೆ. ಒಂದು ಸಂಜೆ ಅವನು ಹೇಳಿದ್ದನ್ನು ಕುರಿತು ಮಾತಾಡೋಣ.