ಮನೆಗೆ ಮರಳಿದ ರೋಗಿಯನ್ನು ಕೇಳಿರಿ
ರಾಜ್ಯದ ಆರೋಗ್ಯ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಮಾನ್ಯರೆ,

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದೊರೆಯುವ ಚಿಕಿತ್ಸೆಯ ಗುಣವನ್ನು ಅಳೆಯುವುದಕ್ಕಾಗಿ ಸರ್ಕಾರವು ಕೈಗೊಂಡಿರುವ ಕ್ರಮಗಳನ್ನು ಆದರದಿಂದ ಗಮನಿಸುತ್ತ ಬಂದಿರುವ ಗ್ರಾಮವಾಸಿಗಳಲ್ಲಿ ನಾನೂ ಒಬ್ಬನು. ಆ ಅಳತೆಯಲ್ಲಿ ಕಟ್ಟಡಕ್ಕೂ ಕಡತಕ್ಕೂ ದೊರೆತಿರುವ ಸ್ಥಾನವು, ಚಿಕಿತ್ಸೆ ಪಡೆದು ಮನೆಗೆ ಮರಳಿದ ರೋಗಿಗೆ ಇನ್ನೂ ದೊರೆತಿಲ್ಲವೆಂಬುದನ್ನು ತಮ್ಮಲ್ಲಿ ಅರಿಕೆ ಮಾಡಿಕೊಳ್ಳಬೇಕಾಗಿದೆ. ವಿಷಯವು ನನ್ನೊಬ್ಬನದಲ್ಲವಾದುದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

1946ರಲ್ಲಿ ಭೋರ್ ಸಮಿತಿಯು ತನ್ನ ವರದಿಯನ್ನೊಪ್ಪಿಸಿ, 40,000 ಜನಕ್ಕೆ ಒಂದರಂತೆ ಆರೋಗ್ಯ ಕೇಂದ್ರವಿರಬೇಕೆಂದು ಸೂಚಿಸಿದ ಕಾಲದಲ್ಲಿ ಹಳ್ಳಿಯವನು ಕೇಳಬಹುದಾಗಿದ್ದುದು ತನಗೆ ವೈದ್ಯರು ದೊರೆಯುವರೆ ಎಂಬ ಒಂದೇ ಪ್ರಶ್ನೆಯನ್ನು. ಬಯಲು ಪ್ರದೇಶದಲ್ಲಿ 30,000 ಜನಕ್ಕೂ ಗುಡ್ಡಗಾಡಿನಲ್ಲಿ 20,000 ಜನಕ್ಕೂ ಒಂದೊಂದು ಕೇಂದ್ರವೆಂಬ ನಿಯಮವು ಬಳಕೆಗೆ ಬಂದು, ಆ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕಿರುವ ಇಂದು, ದೊರೆತ ವೈದ್ಯರಿಂದ ತನಗೆ ಗುಣವಾಯಿತೆ ಎಂಬ ಎರಡನೆಯ ಪ್ರಶ್ನೆಯನ್ನು ಕೇಳುವ ಅಧಿಕಾರವೂ ಅವನಿಗೆ ಪ್ರಾಪ್ತವಾಗಿದೆ.

ಸರ್ಕಾರವು ಈ ಪ್ರಶ್ನೆಯನ್ನು ಕೇಳಿಯೇ ಇಲ್ಲವೆಂದರೆ ಅನ್ಯಾಯವಾದೀತು. ರಾಷ್ಟ್ರೀಯ ಗುಣಮಟ್ಟ ಖಾತರಿ ಮಾನದಂಡಗಳ ಪ್ರಕಾರ ಮೌಲ್ಯಮಾಪಕರು ಕೇಂದ್ರಕ್ಕೆ ಬಂದು, ಎಂಟು ವಿಭಾಗಗಳಲ್ಲಿ ಹರಡಿಕೊಂಡಿರುವ ಅಂಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ಪ್ರತಿಯೊಂದಕ್ಕೂ ಸೊನ್ನೆ, ಒಂದು ಅಥವಾ ಎರಡು ಅಂಕವನ್ನು ಕೊಡುತ್ತಾರೆ. 2015ರಲ್ಲಿ ಆರಂಭವಾದ ಕಾಯಕಲ್ಪ ಪ್ರಶಸ್ತಿಯು ಶುಚಿತ್ವದ ವಿಷಯದಲ್ಲಿ ಸ್ಪರ್ಧೆಯನ್ನು ಹುಟ್ಟಿಸಿದೆ. ಹೆರಿಗೆ ಕೊಠಡಿಯ ನೈರ್ಮಲ್ಯವು ಬಾಣಂತಿಯ ಪ್ರಾಣಕ್ಕೆ ಸಂಬಂಧಿಸಿದುದೆಂದು ಬಲ್ಲವರು ಯಾರೂ ಇದನ್ನು ಅಲ್ಪವೆಂದು ಎಣಿಸಲಾರರು. ಮೌಲ್ಯಮಾಪಕರು ರೋಗಿಗಳನ್ನು ಮಾತನಾಡಿಸುವುದೂ ಉಂಟು. ಆದರೆ ಆ ಮಾತುಕತೆ ನಡೆಯುವುದು ಆಸ್ಪತ್ರೆಯ ಆವರಣದಲ್ಲಿ, ನರ್ಸಮ್ಮನವರು ಅತ್ತಿತ್ತ ಓಡಾಡುತ್ತಿರುವಾಗ, ಕೊಟ್ಟ ಗುಳಿಗೆಯಿಂದ ಗುಣವಾಯಿತೋ ಇಲ್ಲವೋ ಎಂಬುದು ರೋಗಿಗೆ ತಿಳಿಯುವ ಮೊದಲೇ. ನಾಳೆ ಮತ್ತೆ ಅದೇ ಬಾಗಿಲಿಗೆ ಬರಬೇಕಾದ ಬಡವನು “ಚೆನ್ನಾಗಿ ನೋಡ್ಕೋತಾರೆ ಸ್ವಾಮಿ” ಎಂದಲ್ಲದೆ ಮತ್ತೇನು ಹೇಳಿಯಾನು? ದಾಕ್ಷಿಣ್ಯದಿಂದ ಹೊರಟ ಇಂಥ ಮಾತನ್ನು ಸಾಕ್ಷ್ಯವೆಂದು ಬರೆದುಕೊಳ್ಳುವುದು ಅವನಿಗೂ ಶ್ರೇಯಸ್ಕರವಲ್ಲ, ಇಲಾಖೆಗೂ ಅಲ್ಲ.

ವೈದ್ಯನ ಮೇಜಿನ ಎದುರು ನಡೆಯುವುದೇ ಚಿಕಿತ್ಸೆಯ ಸಾರವಾದುದರಿಂದ ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಅನೇಕ ದೇಶಗಳ ವೈದ್ಯರು ಒಬ್ಬೊಬ್ಬ ರೋಗಿಗೆ ಕೊಡುವ ಕಾಲವನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ವೀಡನ್ನಿನ ಸರಾಸರಿಯು 22 ನಿಮಿಷಗಳನ್ನು ಮೀರಿದ್ದರೆ ನೆರೆಯ ಬಾಂಗ್ಲಾದೇಶದ ಸರಾಸರಿಯು 48 ಸೆಕೆಂಡುಗಳಷ್ಟಿತ್ತು. ಬೆಳಗಿನ ಹೊತ್ತು ಹೊರರೋಗಿಗಳ ಸಾಲಿನಲ್ಲಿ ನಿಂತವರಿಗೆ, ನಮ್ಮ ಕೇಂದ್ರಗಳು ಇವೆರಡರಲ್ಲಿ ಯಾವುದಕ್ಕೆ ಹತ್ತಿರವೆಂದು ಹೇಳಬೇಕಾಗಿಲ್ಲ. ಅರ್ಥಶಾಸ್ತ್ರಜ್ಞ ಜಿಷ್ಣು ದಾಸ್ ಮತ್ತು ಅವರ ಸಂಗಡಿಗರು, ತರಬೇತಿ ಹೊಂದಿದವರನ್ನು ರೋಗಿಗಳಂತೆ ಚಿಕಿತ್ಸಾಲಯಗಳಿಗೆ ಕಳುಹಿಸಿ ಭಾರತದಲ್ಲಿಯೇ ನಡೆಸಿದ ಅಧ್ಯಯನಗಳಿಂದ, ವೈದ್ಯರು ಬಲ್ಲುದಕ್ಕೂ ರೋಗಿಯೆದುರು ವಾಸ್ತವವಾಗಿ ಆಚರಿಸುವುದಕ್ಕೂ ನಡುವೆ ದೊಡ್ಡ ಅಂತರವಿರುವುದು ಬೆಳಕಿಗೆ ಬಂದಿದೆ. ಗೋಡೆಗೆ ಹಚ್ಚಿದ ಚಿಕಿತ್ಸಾವಿಧಿಯ ಪಟವಾಗಲಿ ಭರ್ತಿಯಾದ ದಾಖಲೆ ಪುಸ್ತಕವಾಗಲಿ ಆ ಅಂತರವನ್ನು ತೋರಿಸಲಾರದು.

ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಒಟ್ಟಿಗೆ ಔಷಧಿ ಪಡೆದು, ಒಂದೇ ಬಣ್ಣದ ಎರಡು ಬಗೆಯ ಗುಳಿಗೆಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೊರಡುವ ಅಕ್ಷರ ಬಾರದ ವೃದ್ಧೆಯನ್ನು ತಾವು ಒಂದು ಕ್ಷಣ ನೆನೆಯಬೇಕು. ದಾಖಲೆಯಲ್ಲಿ ಆಕೆಗೆ ಪರೀಕ್ಷೆಯಾಗಿದೆ, ಔಷಧಿ ವಿತರಣೆಯಾಗಿದೆ. ಯಾವುದನ್ನು ಊಟಕ್ಕೆ ಮೊದಲು, ಯಾವುದನ್ನು ರಾತ್ರಿ ನುಂಗಬೇಕೆಂಬುದು ಆಕೆಗೆ ಅರ್ಥವಾಯಿತೆ, ತಲೆಸುತ್ತು ನಿಂತಿತೆಂದು ಆಕೆಯೇ ಗುಳಿಗೆಯನ್ನು ನಿಲ್ಲಿಸಿಬಿಟ್ಟಳೆ, ಮುಂದಿನ ತಿಂಗಳು ಬಾರದಿದ್ದಾಗ ಯಾರಾದರೂ ವಿಚಾರಿಸಿದರೆ ಎಂಬುದಕ್ಕೆ ಆಕೆಯ ಮನೆಯ ಜಗಲಿಯಲ್ಲಿ ಮಾತ್ರವೇ ಉತ್ತರ ದೊರೆತೀತು.

ಆದಕಾರಣ ನನ್ನ ಪ್ರಾರ್ಥನೆಯೇನೆಂದರೆ, ಪ್ರತಿಯೊಂದು ಕೇಂದ್ರದ ಹೊರರೋಗಿಗಳ ಪಟ್ಟಿಯಿಂದ ಕೆಲವರನ್ನು ಯಾದೃಚ್ಛಿಕವಾಗಿ ಆರಿಸಿ, ಹದಿನೈದು ದಿನಗಳಾದ ಬಳಿಕ, ಆ ಕೇಂದ್ರಕ್ಕೆ ಸೇರದ ಒಬ್ಬರು ಅವರ ಮನೆಗೆ ಹೋಗಿ ಕೇಳುವಂತಾಗಬೇಕು: ನಿಮ್ಮ ಮಾತನ್ನು ಪೂರ್ತಿಯಾಗಿ ಕೇಳಿದರೆ? ಮೈ ಮುಟ್ಟಿ ನೋಡಿದರೆ? ರೋಗವೇನೆಂದು ತಿಳಿಸಿದರೆ? ಔಷಧಿಯನ್ನು ಹೊರಗೆ ಕೊಳ್ಳಬೇಕಾಯಿತೆ? ಈಗ ಹೇಗಿದ್ದೀರಿ? ಇದರೊಡನೆ, ಚಿಕಿತ್ಸೆಯಲ್ಲಿರುವವರ ಪೈಕಿ ಎಷ್ಟು ಮಂದಿಯ ರಕ್ತದೊತ್ತಡವು 140/90ಕ್ಕಿಂತ ಕೆಳಗಿದೆಯೆಂಬುದನ್ನೂ ಲೆಕ್ಕ ಹಾಕಬೇಕು. 2017ರಲ್ಲಿ ಐದು ರಾಜ್ಯಗಳಲ್ಲಿ ಆರಂಭವಾದ ರಕ್ತದೊತ್ತಡ ನಿಯಂತ್ರಣದ ರಾಷ್ಟ್ರೀಯ ಉಪಕ್ರಮವು ಇದನ್ನೇ ಅಳತೆಗೋಲಾಗಿಟ್ಟುಕೊಂಡು, ಅದು ಸರ್ಕಾರಿ ಕೇಂದ್ರಗಳಲ್ಲಿ ಸಾಧ್ಯವೆಂದು ತೋರಿಸಿಕೊಟ್ಟಿದೆ.

ಬಂದ ಉತ್ತರಗಳು ವೈದ್ಯರಿಗೆ ದಂಡವಾಗಬಾರದು. ಸಾವಿರಾರು ಜನರ ಹೊಣೆಯನ್ನು ಹೊತ್ತು, ತಾಲ್ಲೂಕು ಸಭೆಗಳಿಗೂ ಲಸಿಕೆಯ ಅಂಕಿ ಅಂಶಗಳಿಗೂ ಅರ್ಧ ದಿನವನ್ನು ಕಳೆದುಕೊಳ್ಳುವ ಒಬ್ಬ ವೈದ್ಯಾಧಿಕಾರಿಗೆ ರೋಗಿಯ ಮಾತು ಕೇಳುವ ಬಿಡುವು ಇಲ್ಲದಿದ್ದರೆ, ಆ ದೋಷವು ಅವರದೆನ್ನುವುದಕ್ಕಿಂತ ನಿಮ್ಮ ಕಚೇರಿಯದೆನ್ನುವುದೇ ಯುಕ್ತ. ಫಲಿತಾಂಶವನ್ನು ಕೇಂದ್ರದ ಆರೋಗ್ಯ ರಕ್ಷಾ ಸಮಿತಿಯ ಮುಂದೆಯೂ ಗ್ರಾಮಸಭೆಯಲ್ಲಿಯೂ ಓದಿ ಹೇಳಿ, ಯಾವ ಕೊರತೆಯನ್ನು ಯಾರು ಎಂದಿನೊಳಗೆ ನೀಗಿಸುವರೆಂಬುದನ್ನು ಅಲ್ಲಿಯೇ ಬರೆದಿಡಲು ಆಜ್ಞೆಯಾಗಲಿ. ಮೊದಲಿಗೆ ಜಿಲ್ಲೆಗೊಂದು ತಾಲ್ಲೂಕಿನಲ್ಲಿ ಇದು ನಡೆದರೂ ಸಾಕು. ಬರುವ ವರ್ಷದ ಮೌಲ್ಯಮಾಪನಕ್ಕೆ ಮುಂಚೆಯೇ ತಾವು ಈ ವಿಷಯದಲ್ಲಿ ತೀರ್ಮಾನ ಕೈಗೊಳ್ಳುವಿರೆಂದು ನಂಬಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಗ್ರಾಮವಾಸಿ