ಬೋರ್ಡು ನೋಡಬೇಡಿ, ಒಲೆ ನೋಡಿರಿ



ನಮ್ಮ ಪೈಕಿ ಅಡಿಗೆಯವರೊಬ್ಬರ ಮಗಳು ಹನ್ನೆರಡನೆಯ ತರಗತಿ ಮುಗಿಸಿ ನೀಟ್ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಮೆಡಿಕಲ್ಲಿಗೆ ಅಂಕ ಸಾಲದು, ಡೆಂಟಲ್ಲಿಗೆ ಸಾಕು. ಮರುದಿನವೇ ದಲ್ಲಾಳಿಯೊಬ್ಬ ಬಣ್ಣದ ಪುಸ್ತಕ ಹಿಡಿದು ಬಾಗಿಲಿಗೆ ಬಂದ. ಅದರ ತುಂಬ ಗಾಜಿನ ಕಟ್ಟಡ, ಹೂದೋಟ, ಹಾಸ್ಟೆಲಿನ ಚಿತ್ರ. “ಊರಿನ ಅರ್ಧ ಎಕರೆ ತೋಟ ಮಾರಿಬಿಡಲೇ?” ಎಂದು ತಂದೆ ಸಂಘಕ್ಕೆ ಬಂದು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇವೆ.

ಬೋರ್ಡು ನೋಡಿ ದೋಸೆಯ ರುಚಿ ಹೇಳಲಾಗದೆಂದು ಹೊಟೆಲಿನಲ್ಲಿ ದುಡಿದ ನಮಗೆ ಯಾರೂ ಕಲಿಸಬೇಕಿಲ್ಲ. ಕೈ ಪಳಗುವುದು ಕಾವಲಿಯ ಮುಂದೆ. ಹಲ್ಲಿನ ಡಾಕ್ಟರಿಕೆಯೂ ಹಾಗೆಯೇ. ಬಿ.ಡಿ.ಎಸ್. ಎಂದರೆ 4 ವರ್ಷದ ಓದು, 1 ವರ್ಷದ ಇಂಟರ್ನ್‌ಶಿಪ್. ರೋಗಿಗಳೇ ಬಾರದ ಕಾಲೇಜಿನಲ್ಲಿ ಐದು ವರ್ಷ ಕಳೆದರೂ ಇಕ್ಕಳ ಹಿಡಿಯುವ ಧೈರ್ಯ ಬಾರದು.

ಆದುದರಿಂದ ರಜೆಯ ದಿನ ಬೆಳಿಗ್ಗೆ, ಹಲ್ಲು ತೋರಿಸುವವರಂತೆ ಹೋಗಿರಿ. ಸಾಲು ಎಷ್ಟುದ್ದ? ಎಷ್ಟು ಕುರ್ಚಿ ಖಾಲಿ? ವಿದ್ಯಾರ್ಥಿಯ ಪಕ್ಕದಲ್ಲಿ ಗುರು ನಿಂತಿದ್ದಾರೆಯೇ? ಕೊನೆಯ ವರ್ಷದ ಹುಡುಗರನ್ನು ಕೇಳಿರಿ: ನಿಮ್ಮ ಕೈಯಿಂದಲೇ ಎಷ್ಟು ಹಲ್ಲು ಕಿತ್ತಿರಿ, ಎಷ್ಟು ತುಂಬಿದಿರಿ, ಎಷ್ಟು ಜನಕ್ಕೆ ದಂತಪಂಕ್ತಿ ಕಟ್ಟಿದಿರಿ?

ಇನ್ನು ಖರ್ಚು. ಒಂದು ವರ್ಷದ ಫೀ ಕೇಳಿ ತಲೆಯಾಡಿಸಬೇಡಿ. ಎಲ್ಲ ವರ್ಷದ ಫೀ, ಹಾಸ್ಟೆಲು, ಉಪಕರಣ, ಪರೀಕ್ಷಾ ಶುಲ್ಕ ಎಲ್ಲವನ್ನೂ ಒಂದೇ ಕಾಗದದಲ್ಲಿ ಕೂಡಿಸಿರಿ. ಮುಂಬಯಿ, ನಾಗಪುರ, ಛತ್ರಪತಿ ಸಂಭಾಜಿನಗರಗಳಲ್ಲಿ ಸರಕಾರಿ ಡೆಂಟಲ್ ಕಾಲೇಜುಗಳಿವೆ. ಮುಂಬಯಿಯ ನಾಯರ್ ಕಾಲೇಜನ್ನು ಅಲ್ಲಿಯ ಮಹಾನಗರಪಾಲಿಕೆಯೇ ನಡೆಸುತ್ತದೆ. ಮೊದಲು ಅವಕ್ಕೆ ಅರ್ಜಿ ಹಾಕಿರಿ. ಹತ್ತು, ಹನ್ನೆರಡು ಇಲ್ಲಿಯೇ ಓದಿದ ಮಕ್ಕಳಿಗೆ ಮಹಾರಾಷ್ಟ್ರದ ಡೊಮಿಸೈಲ್ ಪತ್ರ ಮಾಡಿಸಿಡಿರಿ. ಬೆಂಗಳೂರಿನ ಸರಕಾರಿ ಕಾಲೇಜು 1958ರಷ್ಟು ಹಳೆಯದು. ಆದರೆ ಪುಣೆಯಲ್ಲಿ ಓದಿದವರಿಗೆ ಅಲ್ಲಿಯ ಸಾಮಾನ್ಯ ದಾರಿ ನೂರಕ್ಕೆ 15ರ ಅಖಿಲ ಭಾರತ ಕೋಟಾ ಮಾತ್ರ.

ಖಾಸಗಿ ಕಾಲೇಜಿನ ಫೀಯನ್ನು 2015ರ ಕಾಯಿದೆಯಂತೆ ರಾಜ್ಯದ ಶುಲ್ಕ ನಿಯಂತ್ರಣ ಪ್ರಾಧಿಕಾರ ಗೊತ್ತುಮಾಡುತ್ತದೆ. ಡೀಮ್ಡ್ ವಿಶ್ವವಿದ್ಯಾಲಯಗಳು ಆ ಲೆಕ್ಕಕ್ಕೆ ಬಾರವು. ಈ ಭೇದವನ್ನು ದಲ್ಲಾಳಿ ಹೇಳುವುದಿಲ್ಲ. ಕ್ಯಾಪಿಟೇಶನ್ ಹಣವನ್ನು ಕರ್ನಾಟಕ 1984ರಲ್ಲೂ ಮಹಾರಾಷ್ಟ್ರ 1987ರಲ್ಲೂ ಕಾಯಿದೆ ಮಾಡಿ ನಿಷೇಧಿಸಿವೆ. ರಸೀದಿಯಿಲ್ಲದ ಹಣ ಒಂದು ಕಾಸೂ ಕೊಡಬೇಡಿ.

ಕಡೆಯ ಮಾತು. ಆ ಕಾಲೇಜುಗಳ ಸಾಲಿನಲ್ಲಿ ಕೂರುವವರು ಯಾರು? ತಂಬಾಕು, ಮಿಶ್ರಿಯಿಂದ ಹಲ್ಲು ಕೆಡಿಸಿಕೊಂಡ ನಾವೇ. ನಮ್ಮ ಬಾಯಿಯೇ ಅವರ ಪಾಠಶಾಲೆ. ಅದೇ ಪಾಠಶಾಲೆಗೆ ನಮ್ಮ ಮಕ್ಕಳು ಹೋಗಲು ತೋಟ ಮಾರಬೇಕೆಂದರೆ ಇದು ಯಾವ ನ್ಯಾಯ? ಪುಣೆ ಪಾಲಿಕೆ 2022ರಲ್ಲಿ ಮೆಡಿಕಲ್ ಕಾಲೇಜು ತೆರೆಯಿತು. ಮುಂಬಯಿ ಪಾಲಿಕೆಯಂತೆ ಡೆಂಟಲ್ ಕಾಲೇಜನ್ನೂ ಏಕೆ ನಡೆಸಬಾರದು? ಓಟು ಕೇಳಲು ಬರುವವರನ್ನು ನಾವೆಲ್ಲ ಒಂದೇ ದನಿಯಲ್ಲಿ ಕೇಳೋಣ.

ಅಡಿಗೆಯವರು ತೋಟ ಮಾರಿಲ್ಲ. ಮಗಳೊಡನೆ ಮೂರು ಕಾಲೇಜು ಸುತ್ತಿ, ಕುರ್ಚಿ ಎಣಿಸಿ ಬಂದಿದ್ದಾರೆ.